ತಲಾವ್ ದಂಡೆಯ ನನ್ನ ಬೆಂಚು

ನವೆಂಬರ್ 4, ಮಂಗಳವಾರ

ಹಿಟ್ಟಿನ ಗಿರಣಿಯವನು ಹೊಸ ವರ್ಷಕ್ಕೆಂದು ಕೊಟ್ಟಿದ್ದ ಡೈರಿ ಇದು. ಇಷ್ಟು ದಿನ ಫ್ರಿಜ್ಜಿನ ಮೇಲೆ ಧೂಳು ತಿನ್ನುತ್ತ ಬಿದ್ದಿತ್ತು. ಇವತ್ತು ಇಳಿಸಿ ಒರೆಸಿಕೊಂಡೆ. ಯಾರ ಹತ್ತಿರವೂ ಹೇಳುವ ಹಾಗಿಲ್ಲ, ಹೇಳದಿದ್ದರೆ ತಲೆ ಸಿಡಿದು ಹೋದೀತು. ಹಾಗಾಗಿ ಬರೆಯುತ್ತೇನೆ.

ಇವರು ಮನೆಯಲ್ಲಿದ್ದಾರೆ. ಅದೇ ಸುದ್ದಿ.

ದೀಪಾವಳಿಗೆ ಹೋಟೆಲನ್ನು ಕಂಡಕ್ಟಿಗೆ ಕೊಟ್ಟಾಯಿತು. ಬೋರ್ಡು ನಮ್ಮದೇ, ತಿಂಗಳ ಬಾಡಿಗೆ ಕೊಟ್ಟು ನಡೆಸುವವನು ಮಾತ್ರ ಇವರ ಅಣ್ಣನ ಮಗ ಕಶ್ಯಪ. ಇವರ ಕಾಲು ಬಾತು ಚಪ್ಪಲಿಯೊಳಗೆ ಹೋಗದಾದಾಗ ಡಾಕ್ಟರು ಸಾಕು ಎಂದರು, ಮಗಳು ಶ್ರೀಲಕ್ಷ್ಮಿ ಖಾರ್‌ಘರ್‌ನಿಂದ ಬಂದು "ಬಸ್, ಪಪ್ಪಾ" ಎಂದಳು, ನಾನೂ ತಲೆಯಾಡಿಸಿದೆ. ಯಾಕೆ ಆಡಿಸಿದೆನೋ! ನಾನು ಮದುವೆಯಾಗಿ ಊರು ಬಿಟ್ಟು ಈ ಠಾಣೆ ಪಟ್ಟಣಕ್ಕೆ ಬಂದಂದಿನಿಂದ ಕತ್ತಲಿರುವಾಗಲೇ ಹೋಟೆಲಿಗೆ ಹೋಗಿ, ಊರೆಲ್ಲ ಮಲಗಿದ ಮೇಲೆ ಮನೆಗೆ ಬರುತ್ತಿದ್ದ ಗಂಡಸು ಈಗ ಇಡೀ ದಿನ ಸೋಫಾದ ಮೇಲೆ.

ಸುಮ್ಮನೆ ಕೂತರೆ ಅಡ್ಡಿಯಿಲ್ಲ. "ಒಂದು ಚಾ" ಎಂದು ಕೂಗುತ್ತಾರೆ, ಯಾರನ್ನೋ ಕರೆದ ಹಾಗೆ. ಈ ಮನೆಯಲ್ಲಿ ಆ ಯಾರೋ ಎಂಬುದು ನಾನೊಬ್ಬಳೇ. ನಾನು ಊಟಕ್ಕೆ ಕೂತರೆ ಪಕ್ಕದಲ್ಲಿ ನಿಂತು "ಮತ್ತೆಂತ ಬೇಕು?" ಎಂದು ಕೇಳುತ್ತಾರೆ. ನಾನೇ ಮಾಡಿಟ್ಟದ್ದನ್ನು ನನಗೇ ತಂದುಕೊಡುವವರ ಹಾಗೆ! ನಿನ್ನೆಯಂತೂ ನನ್ನ ತಟ್ಟೆಯಲ್ಲಿ ಮಜ್ಜಿಗೆ ಅನ್ನ ಇನ್ನೂ ಇರುವಾಗಲೇ ಒದ್ದೆ ಬಟ್ಟೆ ತಂದು ಮೇಜು ಒರೆಸತೊಡಗಿದರು. ರಷ್ ಹೊತ್ತಿನಲ್ಲಿ ಗಿರಾಕಿಯನ್ನು ಎಬ್ಬಿಸುವ ಉಪಾಯ ಅದು, ನನಗೂ ಗೊತ್ತು. ನನ್ನ ಮನೆಯಲ್ಲಿ ನನ್ನನ್ನೇ ಎಬ್ಬಿಸಿದರು.

ನನಗೆ ಉಳಿದಿರುವುದು ತಲಾವ್ ಒಂದೇ. ಪಾಂಚ್‌ಪಾಖಾಡಿ ಕಡೆಗೆ ಹೋಗುವಾಗ ಸಿಗುವ ಕೆರೆ, ಅದರ ಸುತ್ತ ಗಾರ್ಡನ್, ನಡೆಯಲು ಹಾದಿ. ಬಾದಾಮಿ ಮರದ ಕೆಳಗೆ, ನೀರಿಗೆ ಎದುರಾಗಿ, ಒರಗು ಇಲ್ಲದ ಒಂದು ಕಲ್ಲುಬೆಂಚು. ಎರಡು ಸುತ್ತು ಹಾಕಿ ನಾನು, ಮಂಗಳೂರಿನ ಜ್ಯೋತ್ಸ್ನಾ, ಹುಬ್ಬಳ್ಳಿಯ ಜಯಲತಾ ಟೀಚರು ಅಲ್ಲಿ ಕೂತೆವೆಂದರೆ ಲೋಕದ ಪಂಚಾಯಿತಿ ಎಲ್ಲ ಮುಗಿಯಬೇಕು. ಬೆಳಗಿನ ಆ ಒಂದು ಗಂಟೆ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಅಮ್ಮನೂ ಅಲ್ಲ.

ಇವತ್ತು ಮಧ್ಯಾಹ್ನ ಡಾಕ್ಟರಲ್ಲಿಂದ ಬಂದವರೇ, "ದಿನಾ ವಾಕಿಂಗ್ ಹೋಗ್ಬೇಕಂತೆ. ನಾಳೆಯಿಂದ ನಾನೂ ನಿನ್ನೊಟ್ಟಿಗೆ ಬರ್ತೇನೆ" ಎಂದರು.

ನನ್ನ ಕೈಯಲ್ಲಿದ್ದ ಸೌಟು ಸಾಂಬಾರಿನೊಳಗೆ ಬಿತ್ತು.

ನವೆಂಬರ್ 5, ಬುಧವಾರ

ಬಂದರು.

ಗೇಟು ದಾಟಿ ನಾಲ್ಕು ಹೆಜ್ಜೆ ಇಟ್ಟು ನಿಂತುಬಿಟ್ಟರು. "ಇಷ್ಟು ದೊಡ್ಡ ಕೆರೆ ಉಂಟಾ ಇಲ್ಲಿ!"

ಹೋಟೆಲಿನಿಂದ ಇಲ್ಲಿಗೆ ನಡೆದರೆ ಹತ್ತು ನಿಮಿಷವೂ ಇಲ್ಲ. "ಎದುರಿನ ಅಂಗಡಿಯವ ಹೇಳ್ತಿದ್ದ, ಹಿಂದೆ ಒಂದು ತಲಾವ್ ಉಂಟು ಅಂತ. ನಾನು ನಾಲ್ಕು ಕೊಡ ನೀರು ಇರ್ಬಹುದು ಅಂದ್ಕೊಂಡಿದ್ದೆ" ಎಂದರು. ನಗು ಬಂತು, ತೋರಿಸಲಿಲ್ಲ.

ಬೆಂಚಿನ ಹತ್ತಿರ ಕರೆದುಕೊಂಡು ಹೋಗಿ ಗೆಳತಿಯರಿಗೆ ಪರಿಚಯ ಮಾಡಿಕೊಟ್ಟೆ. ನಾವು ಮೂವರೂ ನೀರಿನ ಕಡೆ ಮುಖ ಮಾಡಿ ಕೂತೆವು. ಇವರು ಅದೇ ಬೆಂಚಿನ ಮೇಲೆ, ಕೆರೆಗೆ ಬೆನ್ನು ಹಾಕಿ, ಗೇಟಿನ ಕಡೆ ಮುಖ ಮಾಡಿ ಕೂತರು.

"ಕೆರೆ ಆ ಕಡೆ" ಎಂದೆ.

"ಗೊತ್ತುಂಟು. ಬರುವವ್ರು ಈ ಕಡೆಯಿಂದ ಅಲ್ವಾ" ಎಂದರು.

ನವೆಂಬರ್ 8, ಶನಿವಾರ

ಇನ್ನು ನಾನು ಆ ಗಾರ್ಡನಿನಲ್ಲಿ ತಲೆ ಎತ್ತಿ ನಡೆಯುವುದು ಹೇಗೆ?

ಶನಿವಾರವಾದ್ದರಿಂದ ಜನ ಜಾಸ್ತಿ. ಬೆಂಚುಗಳೆಲ್ಲ ತುಂಬಿದ್ದವು. ಯಾರೋ ದಪ್ಪಗಿನ ಹೆಂಗಸು ಏದುಸಿರು ಬಿಡುತ್ತ ಬಂದು ಅತ್ತಿತ್ತ ನೋಡಿದಳು. ಇವರು ಎದ್ದರು. ಪಕ್ಕದ ಬೆಂಚಿನಲ್ಲಿ ಕಾಲು ಚಾಚಿ ಪೇಪರು ಓದುತ್ತಿದ್ದ ಗೃಹಸ್ಥರ ಹತ್ತಿರ ಹೋಗಿ, "ಸಾಹೇಬ್, ಥೋಡಾ ಸರಕೋ. ಶೇರಿಂಗ್ ಮೇ ಬಿಠಾತಾ ಹೂಂ" ಎಂದರು, ಹೋಟೆಲಿನಲ್ಲಿ ಒಂದೇ ಮೇಜಿಗೆ ಗುರುತಿಲ್ಲದ ಇಬ್ಬರನ್ನು ಕೂರಿಸುವ ಹಾಗೆ. ಆ ಮನುಷ್ಯ ಗಾಬರಿಯಿಂದ ಕಾಲು ಮಡಚಿದ. ಇವರು ಹೆಗಲ ಮೇಲಿನ ಟವೆಲಿನಿಂದ ಕಲ್ಲನ್ನು ಒಮ್ಮೆ ಒರೆಸಿ, "ಬೈಠಿಯೇ ಮೇಡಂ, ಏಕ್ ಜಾಗಾ ಖಾಲಿ ಹೈ" ಎಂದು ಕೈ ತೋರಿಸಿದರು. ಹೆಂಗಸು ಕೂತಳು. ಇವರು ತೃಪ್ತಿಯಿಂದ ವಾಪಸು ಬಂದು ಗೇಟು ನೋಡತೊಡಗಿದರು.

ಆಮೇಲೆ ಅದು ನಿಲ್ಲಲೇ ಇಲ್ಲ. ಒಬ್ಬರು ಎದ್ದರೆ ಮತ್ತೊಬ್ಬರನ್ನು ಕರೆದು ಕೂರಿಸುವುದು. ಹೆಡ್‌ಫೋನ್ ಹಾಕಿದ ಹುಡುಗಿಯ ಪಕ್ಕ ಪೇಟದ ಅಜ್ಜ, ಪ್ರಾಣಾಯಾಮ ಮಾಡುತ್ತಿದ್ದವರ ಪಕ್ಕ ಜೋರಾಗಿ ಫೋನಿನಲ್ಲಿ ಮಾತಾಡುವವರು. ಜಯಲತಾ ಟೀಚರು ಕಣ್ಣರಳಿಸಿ, "ಏನ್ರೀ ಶ್ರೀಮತಿಯವ್ರ, ನಿಮ್ಮ ಯಜಮಾನ್ರು ಗಾರ್ಡನ್ನ ಹೋಟೆಲ್ ಮಾಡಾಕ ಹತ್ಯಾರಲ್ರೀ!" ಎಂದರು.

ದಾರಿಯಲ್ಲಿ ಬೈದೆ. "ಅದು ಪಬ್ಲಿಕ್ ಜಾಗ. ಯಾರು ಎಲ್ಲಿ ಬೇಕಾದರೂ ಕೂರಬಹುದು."

"ಅದೇ ನಾನು ಹೇಳಿದ್ದು. ಎಲ್ಲರಿಗೂ ಕೂರ್ಲಿಕ್ಕೆ ಆಗ್ಬೇಕಲ್ಲ" ಎಂದರು.

ನವೆಂಬರ್ 9, ಭಾನುವಾರ

ಮಾತಿಲ್ಲ. ಮೇಜು ಒರೆಸಿದರು.

ನವೆಂಬರ್ 12, ಬುಧವಾರ

ಇವತ್ತು ಚೀಲದಲ್ಲಿ ಏನೋ ಟಣಟಣ ಎನ್ನುತ್ತಿತ್ತು. ಕೇಳಿದರೆ ಹೇಳಲಿಲ್ಲ. ಬೆಂಚು ತಲುಪಿದ ಮೇಲೆ ತೆಗೆದರು. ಎರಡು ದೊಡ್ಡ ಬಾಟಲಿ ನೀರು, ಆರು ಸ್ಟೀಲ್ ಲೋಟ. ನನ್ನ ಮದುವೆಯಲ್ಲಿ ಕೊಟ್ಟ ಲೋಟಗಳು!

ಬೆಂಚಿನಲ್ಲಿ ಕೂತವರೆದುರು ಒಂದೊಂದು ಲೋಟ ನೀರು ಇಟ್ಟರು. ಯಾರೂ ಕೇಳಿರಲಿಲ್ಲ. "ಬಂದು ಕೂತವ್ರಿಗೆ ಮೊದ್ಲು ನೀರು ಇಡ್ಬೇಕು, ಮತ್ತೆ ಉಳಿದದ್ದು" ಎಂದರು. ಉಳಿದದ್ದು ಎಂತದು ಎಂದು ನಾನು ಕೇಳಲಿಲ್ಲ, ನಾಳೆ ಬಿಲ್ಲಿನೊಟ್ಟಿಗೆ ಕೊಡುವ ಸೋಂಪು ತಂದರೆ ಎಂಬ ಹೆದರಿಕೆಗೆ.

ಇಲ್ಲಿ ವ್ಯಾಪಾರ ಮಾಡುವ ಹಾಗಿಲ್ಲ ಎನ್ನಲು ವಾಚ್‌ಮನ್ ಬಂದ. "ಕಾಕಾ, ಇಥೇ ಧಂದಾ ಕರಾಯ್‌ಚಾ ನಾಹೀ."

"ಕೈಸಾ ಧಂದಾ? ಪಾನೀ ಹೈ. ತುಮ್ ಭೀ ಬೈಠೋ" ಎಂದು ಇವರು ಅವನಿಗೂ ಒಂದು ಲೋಟ ಹಿಡಿದರು. ಅವನು ಯೋಚಿಸಿದ, ಕುಡಿದ, ಲೋಟ ವಾಪಸು ಕೊಟ್ಟು ಸೆಲ್ಯೂಟ್ ಹೊಡೆದು ಹೋದ. ಸುತ್ತಲಿನವರೆಲ್ಲ ನಕ್ಕರು. ನಾನು ಬಾದಾಮಿ ಮರದ ಎಲೆಗಳನ್ನು ನೋಡುತ್ತಿದ್ದೆ.

ಶ್ರೀಲಕ್ಷ್ಮಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳಿಗೆ ನಗು ತಡೆಯಲಾಗಲಿಲ್ಲ. "ಅಮ್ಮ, ಜಾನೇ ದೋ ನಾ. ಪಪ್ಪಾ ಖುಷ್ ಹೈ ನಾ?" ಎಂದಳು. ಪಪ್ಪ ಖುಷ್. ಅಮ್ಮನನ್ನು ಕೇಳುವವರು ಯಾರು?

ನವೆಂಬರ್ 15, ಶನಿವಾರ

ಜ್ಯೋತ್ಸ್ನಾ ಸೊಸೆಯ ವಿಷಯ ಎತ್ತಿದಳು. ಬೆಂಚಿನ ಈ ಕಡೆಯಿಂದ ನಾವು ಹ್ಞೂಂಗುಟ್ಟುತ್ತಿದ್ದೆವು. ಆ ಕಡೆಯಿಂದ ಗೇಟು ನೋಡುತ್ತಲೇ ಇವರು, "ಹಾಗೆ ಹೇಳ್ಬೇಡಿ ಜ್ಯೋತ್ಸ್ನಾ, ಆ ಹುಡುಗಿ ಆಫೀಸಿನಿಂದ ಬರುವಾಗ ಎಂಟು ಗಂಟೆ, ಅವಳು ಚಪಾತಿ ಲಟ್ಟಿಸುದು ಯಾವಾಗ?" ಎಂದರು. ಜ್ಯೋತ್ಸ್ನಾ ಟೀಚರ ಮುಖ ನೋಡಿದಳು. ಹತ್ತು ನಿಮಿಷದಲ್ಲಿ ಇಬ್ಬರೂ "ಇನ್ನೊಂದು ರೌಂಡ್ ಹಾಕ್ತೇವೆ" ಎಂದು ಎದ್ದು ಹೋದರು. ಅವರು ಹೋಗಿ ಕೂತದ್ದು ಕೆರೆಯ ಆಚೆ ದಂಡೆಯ ಬೆಂಚಿನಲ್ಲಿ. ಇಲ್ಲಿಂದ ಕಾಣುತ್ತಿತ್ತು.

ಇಷ್ಟು ವರ್ಷದ ಬೆಂಚು. ಇಷ್ಟು ವರ್ಷದ ಗೆಳೆತನ. ಹನ್ನೊಂದು ದಿನದಲ್ಲಿ ಖಾಲಿ ಮಾಡಿಸಿಬಿಟ್ಟರು. ನನಗೆ ಅಳು ಬಂತು, ನಿಜವಾಗಿಯೂ. ಇವರು "ಜಾಗ ಆಯ್ತು, ಯಾರನ್ನಾದ್ರೂ ಕೂರಿಸ್ಲಿಕ್ಕೆ ಆಗ್ತದೆ" ಎಂದು ಎದ್ದು ನಿಂತರು.

ಮನೆಗೆ ಬಂದು, ಇವರು ಸ್ನಾನಕ್ಕೆ ಹೋದಾಗ, ಕಶ್ಯಪನಿಗೆ ಫೋನು ಮಾಡಿದೆ. "ಮಾರಾಯ, ಹೇಗಾದರೂ ಮಾಡಿ ನಿನ್ನ ಚಿಕ್ಕಪ್ಪನನ್ನು ಬೆಳಗಿನ ಹೊತ್ತು ಗಲ್ಲಾದ ಮೇಲೆ ಕೂರಿಸಿಕೋ. ಬರೀ ಬೆಳಗಿನ ಹೊತ್ತು ಸಾಕು. ಕೂತಲ್ಲೇ ಕೂತರೆ ಕಾಲಿಗೇನೂ ಆಗುವುದಿಲ್ಲ. ನಾನು ಹೇಳಿದ್ದು ಅಂತ ಹೇಳಬೇಡ."

"ಚಿಕ್ಕಮ್ಮ, ನಂಗೆ ಒಳ್ಳೇದೇ ಆಯ್ತು" ಎಂದ ಅವನು. "ಡಿಸೆಂಬರ್ ಹದಿನೈದಕ್ಕೆ ನಮ್ಮ ಕ್ಯಾಶಿಯರ್ ಊರಿಗೆ ಹೋಗ್ತಾನೆ, ಅವನ ತಂಗಿ ಮದುವೆ. ಅವತ್ತಿನಿಂದ ಚಿಕ್ಕಪ್ಪ ಬರ್ಲಿ. ಹಳೇ ಗಿರಾಕಿಗಳು ದಿನಾ ಕೇಳ್ತಾರೆ, ಮುರಾರಿ ಸೇಟ್ ಎಲ್ಲಿ ಅಂತ."

ಒಂದು ತಿಂಗಳು ಹಲ್ಲು ಕಚ್ಚಿ ಹಿಡಿದರೆ ಸಾಕು. ಸಾಯಂಕಾಲ ಖುಷಿಗೆ ಗೋಳಿಬಜೆ ಮಾಡಿದೆ. ಇವರು ಎರಡು ಸಲ ಹಾಕಿಸಿಕೊಂಡು, ಮೈದಾ ಸ್ವಲ್ಪ ಗಟ್ಟಿ ಎಂದರು.

ನವೆಂಬರ್ 23, ಭಾನುವಾರ

ಬರೆಯದೆ ಒಂದು ವಾರವಾಯಿತು. ಬಯ್ಯುವುದನ್ನು ನಿಲ್ಲಿಸಿದ್ದೇನೆ, ಹಾಗಾಗಿ ಬರೆಯಲು ಏನೂ ಇರಲಿಲ್ಲ. ಹದಿನೈದನೇ ತಾರೀಕು ಮನಸ್ಸಿನಲ್ಲಿರುವಾಗ ಸಹನೆ ತಾನಾಗಿ ಬರುತ್ತದೆ. ಇವತ್ತು ಲೋಟಗಳನ್ನು ನಾನೇ ತೊಳೆದು ಚೀಲಕ್ಕೆ ಹಾಕಿದೆ. ಇವರಿಗೆ ಸಂಶಯ ಬಂದಿರಬೇಕು, ಎರಡು ಸಲ ನನ್ನ ಮುಖ ನೋಡಿದರು.

ಗೆಳತಿಯರು ವಾಪಸು ಬಂದಿದ್ದಾರೆ. ಆಚೆ ದಂಡೆಯಲ್ಲಿ ಬಿಸಿಲು ಮುಖಕ್ಕೆ ಹೊಡೆಯುತ್ತದಂತೆ. ಜ್ಯೋತ್ಸ್ನಾ ಸೊಸೆಯ ವಿಷಯವನ್ನು ಈಗ ಇವರ ಹತ್ತಿರವೇ ಎತ್ತುತ್ತಾಳೆ, ಇವರು ಏನು ಹೇಳುತ್ತಾರೆ ನೋಡೋಣ ಎಂದು.

ಒಬ್ಬರು ಹೊಸಬರನ್ನು ಇವರು ನಮ್ಮ ಬೆಂಚಿನಲ್ಲಿ ಕೂರಿಸಿದ್ದಾರೆ. ಮುಂಡಪ್ಪ ಎಂದು ಹೆಸರು, ದಕ್ಷಿಣ ಕನ್ನಡದವರೇ, ದಿವಾದಲ್ಲಿ ಮನೆ. ಮೊಮ್ಮಗಳು ಮಾನಸಿಯನ್ನು ಲೋಕಲ್ ರೈಲಿನಲ್ಲಿ ಕರೆತಂದು ಇಲ್ಲಿನ ಶಾಲೆಗೆ ಬಿಟ್ಟು, ಶಾಲೆ ಬಿಡುವವರೆಗೆ ತಲಾವ್ ಸುತ್ತುವ ಮನುಷ್ಯ. ಇವತ್ತು ಶಾಲೆಗೆ ರಜೆಯಾದರೂ ಬಂದಿದ್ದರು. ಅಭ್ಯಾಸ ಎಂದರು. ಮಾತು ಕಡಿಮೆ. ನೀರಿಟ್ಟರೆ ಕುಡಿಯುತ್ತಾರೆ, ಇವರನ್ನು ನೋಡಿ ನಗುತ್ತಾರೆ.

ನವೆಂಬರ್ 27, ಗುರುವಾರ

ಇವತ್ತು ಮುಂಡಪ್ಪನವರು ಬಾಯಿಬಿಟ್ಟರು. ನೀರಿನ ಲೋಟ ಕೈಯಲ್ಲಿ ಹಿಡಿದುಕೊಂಡೇ, "ಮುರಾರಿಯವ್ರೇ, ನಿಮ್ಗೆ ನನ್ನ ಗುರ್ತ ಸಿಕ್ಲಿಲ್ಲ ಅಲ್ವಾ?" ಎಂದರು.

ಇವರು ಕಣ್ಣು ಕಿರಿದು ಮಾಡಿ ನೋಡಿದರು. "ಕಂಬದ ಹತ್ರದ ಟೇಬಲ್. ಇಡ್ಲಿ ಸಾಂಬಾರಿನಲ್ಲಿ ಮುಳುಗಿಸಿ ಬೇಕು. ಚಟ್ನಿ ಬೇಡ. ಹೆಸ್ರು ಗೊತ್ತಿರ್ಲಿಲ್ಲ ನಂಗೆ."

ಮುಂಡಪ್ಪನವರು ನಕ್ಕರು. ಅವರು ಆಗ ನಾಕಾ ಸರ್ಕಲಿನ ಬಳಿಯ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕ್ಲಾರ್ಕ್ ಆಗಿದ್ದರಂತೆ. ಹೊಸದಾಗಿ ಊರಿನಿಂದ ಬಂದವರು, ಯಾರ ಪರಿಚಯವೂ ಇಲ್ಲ. ದಿನಾ ಒಬ್ಬರೇ ಬಂದು, ಒಬ್ಬರೇ ತಿಂದು ಹೋಗುವುದು. ಒಂದು ದಿನ ಇವರು ಕಾರ್ಕಳ ಕಡೆಯ ಮತ್ತೊಬ್ಬ ಒಂಟಿ ಗಿರಾಕಿಯನ್ನು ಕರೆತಂದು ಎದುರಿಗೆ ಕೂರಿಸಿದರಂತೆ, ಶೇರಿಂಗ್ ಎಂದು. ಮರುದಿನವೂ ಅವರನ್ನೇ. ಅದರ ಮರುದಿನವೂ. "ಹೋಟೆಲಿನಲ್ಲಿ ಬೇರೆ ಜಾಗ ಇರುವಾಗಲೂ ನೀವು ಅವ್ರನ್ನ ನನ್ನೆದುರೇ ಕೂರಿಸ್ತಿದ್ರಿ. ನಾಲ್ಕನೇ ದಿನ ನಾವು ಮಾತಾಡಿದ್ದು. ಅವ್ರ ಮಗನಿಗೇ ನನ್ನ ಮಗಳನ್ನ ಕೊಟ್ಟದ್ದು. ಮಾನಸಿ ಅವ್ರ ಮೊಮ್ಮಗಳೂ ಹೌದು. ನಿಮ್ಗೆ ಹೇಳ್ಬೇಕು ಹೇಳ್ಬೇಕು ಅಂತ ಇಷ್ಟು ವರ್ಷ ಆಯ್ತು."

ನಾವು ಮೂವರು ಹೆಂಗಸರೂ ಇವರ ಮುಖ ನೋಡಿದೆವು. ಇವರು ಟವೆಲು ಕೊಡವಿಕೊಂಡು, "ಹಾಗೆಂತ ಇಲ್ಲ. ರಷ್ ಇದ್ದಿರ್ಬೇಕು" ಎಂದು ಗೇಟಿನ ಕಡೆ ತಿರುಗಿದರು. ಕಿವಿ ಕೆಂಪಾಗಿತ್ತು.

ಇದನ್ನು ಬರೆದಿಡಬೇಕು. ಇಷ್ಟು ವರ್ಷ ಇವರು ಅಲ್ಲಿ ಗಲ್ಲಾದ ಮೇಲೆ ಕೂತು ದುಡ್ಡು ತೆಗೆದುಕೊಂಡು ಚಿಲ್ಲರೆ ಕೊಡುತ್ತಾರೆ ಎಂದಷ್ಟೇ ನಾನು ತಿಳಿದಿದ್ದೆ. ನಾನು ಆ ಹೋಟೆಲಿನ ಮುಂದಿನ ಬಾಗಿಲಿನಿಂದ ಒಳಗೆ ಹೋದವಳೇ ಅಲ್ಲ. ಹೋಟೆಲಿನವರ ಮನೆ ಹೆಂಗಸು ಗಿರಾಕಿಗಳ ನಡುವೆ ಕೂರುವ ಪದ್ಧತಿ ನಮ್ಮಲ್ಲಿಲ್ಲ. ಹಿಂದಿನ ಓಣಿಯಿಂದ ಅಡುಗೆಮನೆಯ ಬಾಗಿಲಿಗೆ ಹೋಗಿ ಡಬ್ಬಿ ತೆಗೆದುಕೊಂಡು ಬರುವುದು, ಅಷ್ಟೆ. ಇವರಿಗೆ ಕೆರೆ ಗೊತ್ತಿರಲಿಲ್ಲ ಎಂದು ನಾನು ಒಳಗೊಳಗೇ ನಕ್ಕದ್ದು ಸ್ವಲ್ಪ ಜಾಸ್ತಿಯಾಯಿತೇನೋ.

ಹಾಗೆಂದು ಮೇಜು ಒರೆಸುವುದನ್ನು ಸಹಿಸಲಾಗುವುದಿಲ್ಲ.

ಡಿಸೆಂಬರ್ 2, ಮಂಗಳವಾರ

ಚಳಿ ಶುರುವಾಗಿದೆ, ಠಾಣೆಯಲ್ಲಿ ಚಳಿ ಎನ್ನುವಷ್ಟು. ಕೆರೆಯ ಮೇಲೆ ಸಣ್ಣಗೆ ಮಂಜು. ಜ್ಯೋತ್ಸ್ನಾ, ಜಯಲತಾ ಇಬ್ಬರೂ ಬಂದಿರಲಿಲ್ಲ. ಮುಂಡಪ್ಪನವರು ಸುತ್ತು ಹಾಕುತ್ತಿದ್ದರು. ಬೆಂಚಿನಲ್ಲಿ ನಾವಿಬ್ಬರೇ. ಇವರು ಗೇಟು ನೋಡಿ ನೋಡಿ ಬೇಜಾರಾಗಿ ಈ ಕಡೆ ತಿರುಗಿ ಕೂತರು.

"ಆ ಬಿಳೀ ಹಕ್ಕಿ ದಿನಾ ಅಲ್ಲೇ ಬಂದು ನಿಲ್ತದಾ?"

"ಕೊಕ್ಕರೆ. ದಿನಾ ಬರುತ್ತದೆ. ಅದೇ ಕಲ್ಲು."

"ರೆಗ್ಯುಲರ್" ಎಂದರು ಗಂಭೀರವಾಗಿ. ಸ್ವಲ್ಪ ಹೊತ್ತು ನೋಡಿ, "ಆರ್ಡರ್ ಬರ್ಲಿಕ್ಕೆ ತಡ ಆದ್ರೂ ಗಲಾಟೆ ಮಾಡುದಿಲ್ಲ. ಒಳ್ಳೇ ಗಿರಾಕಿ" ಎಂದರು.

ನನಗೆ ಎಷ್ಟು ನಗು ಬಂತೆಂದರೆ ಕಣ್ಣಲ್ಲಿ ನೀರು ಬಂತು. ಓಡುತ್ತಿದ್ದ ಒಬ್ಬ ಹುಡುಗ ನಿಂತು ನೋಡಿ ಹೋದ. ಇವರಿಗೂ ನಗು. ಇವರು ನಗುವಾಗ ಎಡಗಡೆ ಒಂದು ಹಲ್ಲಿಲ್ಲ. ಅದು ಯಾವಾಗ ಹೋಯಿತೋ ನನಗೆ ಗೊತ್ತೇ ಇರಲಿಲ್ಲ. ಕೇಳಿದರೆ, "ಅದು ಹೋಗಿ ಆರು ವರ್ಷ ಆಯ್ತು" ಎಂದರು.

ಮನೆಗೆ ಬರುವಾಗ ತಡವಾಯಿತು. ಕುಕ್ಕರು ಇಡಲು ತಡವಾಯಿತು. ಎಲ್ಲ ಇವರಿಂದ.

ಡಿಸೆಂಬರ್ 8, ಸೋಮವಾರ

ಇವರಿಗೆ ರಕ್ತ ಪರೀಕ್ಷೆಗೆ ಹೋಗಲಿಕ್ಕಿತ್ತು. ನಾನೊಬ್ಬಳೇ ಹೋದೆ. ಹಾಯಾಗಿ ಕೂರೋಣ ಎಂದುಕೊಂಡಿದ್ದೆ.

ಗೇಟಿನಲ್ಲಿ ವಾಚ್‌ಮನ್: "ಕಾಕಾ ಆಜ್ ನಾಹೀ ಆಲೇ?" ಹತ್ತು ಹೆಜ್ಜೆ ಹೋಗುವಾಗ ಪೇಪರು ಓದುವ ಗೃಹಸ್ಥರು: "ಸೇಟ್‌ಜೀ ಠೀಕ್ ಹೈ ನಾ?" ಆ ದಪ್ಪಗಿನ ಹೆಂಗಸು, ಅವಳ ಹೆಸರು ಸೋನಾಲಿಯಂತೆ, ಇವರ ಮಂಡಿನೋವಿಗೆ ಹಚ್ಚಲೆಂದು ಎಣ್ಣೆಯ ಬಾಟಲಿಯನ್ನೇ ತಂದಿದ್ದಳು, "ಅಂಕಲ್ ಸಾಠೀ" ಎಂದು. ಮುಂಡಪ್ಪನವರು ನನ್ನ ಹಿಂದೆ ಮುಂದೆ ನೋಡಿದರು, ನಾನು ಇವರನ್ನು ಎಲ್ಲೋ ಅಡಗಿಸಿಟ್ಟ ಹಾಗೆ.

ಇಷ್ಟು ವರ್ಷದಿಂದ ಬರುತ್ತಿದ್ದೇನೆ. ಮಲೇರಿಯಾ ಬಂದು ಹದಿನೈದು ದಿನ ಮಲಗಿದ್ದೆ. ಒಬ್ಬರಾದರೂ ನನ್ನನ್ನು ಕೇಳಿದ್ದರೇ? ಹೊಟ್ಟೆಕಿಚ್ಚೇನಿಲ್ಲ. ಸುಮ್ಮನೆ ಬರೆದೆ.

ಎಣ್ಣೆ ಹಚ್ಚಿದೆ. ಮಂಡಿಗೆ ಸ್ವಲ್ಪ ಹಿತವಂತೆ.

ಡಿಸೆಂಬರ್ 12, ಶುಕ್ರವಾರ

ಕಶ್ಯಪನ ಫೋನು. "ಚಿಕ್ಕಮ್ಮ, ಸೋಮವಾರದಿಂದ ಅಲ್ವಾ? ಚಿಕ್ಕಪ್ಪನ ಹತ್ರ ಮಾತಾಡ್ಲಾ?"

ಈಗ ಚಳಿ ಇದೆ, ಮಂಡಿ ಸರಿಯಿಲ್ಲ, ರಕ್ತದ ರಿಪೋರ್ಟು ಇನ್ನೂ ಡಾಕ್ಟರಿಗೆ ತೋರಿಸಿಲ್ಲ, ಜನವರಿಯಲ್ಲಿ ನೋಡೋಣ ಎಂದೆ. "ನೀವೇ ಹೇಳಿದ್ದಲ್ವಾ ಚಿಕ್ಕಮ್ಮ, ಕೂತಲ್ಲೇ ಕೂತ್ರೆ ಎಂತ ಆಗುದಿಲ್ಲ ಅಂತ?" ಎಂದ. ನಾನು ಹೇಳಿದ್ದನ್ನು ನನಗೇ ತಿರುಗಿಸಿ ಹೇಳುವುದು ಇವರ ಮನೆಯವರಿಗೆಲ್ಲ ಹುಟ್ಟಿನಿಂದ ಬಂದದ್ದು. ರಿಪೋರ್ಟು ಡಾಕ್ಟರು ನೋಡಲಿ ಎಂಬುದು ನ್ಯಾಯದ ಮಾತಲ್ಲವೇ?

ಡಿಸೆಂಬರ್ 13, ಶನಿವಾರ

ಕಶ್ಯಪ ನನ್ನ ಮಾತು ಕೇಳದೆ ನೇರವಾಗಿ ಇವರಿಗೇ ಫೋನು ಮಾಡಿದ. ಬಾಲ್ಕನಿಯಲ್ಲಿ ನಿಂತು ತುಂಬ ಹೊತ್ತು ಮಾತಾಡಿದರು. ಒಳಗೆ ಬಂದು, "ಸೋಮವಾರದಿಂದ ಗಲ್ಲಾಕ್ಕೆ ಹೋಗ್ತೇನೆ. ಅವನಿಗೆ ಜನ ಇಲ್ಲ" ಎಂದರು.

"ಹೋಗ್ತೀರಾ?" ಎಂದೆ.

"ಹೋಗ್ಬೇಕಲ್ಲ."

ಸಂಜೆ ಬಿಳಿ ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಂಡರು. ಖುಷಿಯಾಗಿರಬೇಕು. ನನಗೂ ಖುಷಿಯೇ. ತಿಂಗಳಿಡೀ ಇದಕ್ಕೇ ಅಲ್ಲವೇ ಕಾದದ್ದು. ಯಾಕೋ ತಲೆ ನೋಯುತ್ತಿದೆ.

ಡಿಸೆಂಬರ್ 15, ಸೋಮವಾರ

ಬೆಳಿಗ್ಗೆ ಐದಕ್ಕೇ ಎದ್ದು ಹೋದರು. ಹೋಗುವಾಗ ನೀರಿನ ಬಾಟಲಿ, ಲೋಟಗಳ ಚೀಲವನ್ನು ಬಾಗಿಲ ಹಿಂದೆ ಮೊಳೆಗೆ ಸಿಕ್ಕಿಸಿ ಹೋಗಿದ್ದರು.

ತಲಾವ್‌ಗೆ ಹೋದೆ. ಬೆಂಚು ಇತ್ತು, ಗೆಳತಿಯರಿದ್ದರು, ಕೆರೆ ಇತ್ತು, ಕೊಕ್ಕರೆ ಅದೇ ಕಲ್ಲಿನ ಮೇಲೆ. ಇನ್ನೇನು ಬೇಕು? ಜ್ಯೋತ್ಸ್ನಾ ಸೊಸೆಯ ವಿಷಯ ಹೇಳಿದಳು, ಅಡ್ಡ ಮಾತಾಡಲು ಯಾರೂ ಇರಲಿಲ್ಲ, ಐದು ನಿಮಿಷದಲ್ಲಿ ಮುಗಿದುಹೋಯಿತು.

ಜಯಲತಾ ಟೀಚರು, "ಶ್ರೀಮತಿಯವ್ರ, ಕೆರಿ ಈ ಕಡೆ ಐತ್ರೀ" ಎಂದರು. ನಾನು ಗೇಟಿನ ಕಡೆ ತಿರುಗಿ ಕೂತಿದ್ದೆನಂತೆ. ಕುತ್ತಿಗೆ ಹಿಡಿದಿತ್ತು, ಹಾಗೆ ಕೂತರೆ ಆರಾಮ ಎನಿಸುತ್ತಿತ್ತು, ಅಷ್ಟೆ.

ಡಿಸೆಂಬರ್ 16, ಮಂಗಳವಾರ

ಮಧ್ಯಾಹ್ನ ಊಟ ಮಾಡಿದೆ. ಯಾರೂ ಏನು ಬೇಕೆಂದು ಕೇಳಲಿಲ್ಲ. ಎಷ್ಟು ಹೊತ್ತು ಬೇಕಾದರೂ ಕೂತು ತಿನ್ನಬಹುದಿತ್ತು. ಬೇಗ ಎದ್ದೆ.

ಇವರು ಬಂದಾಗ ಕಾಲು ನೋಡಿದೆ. ಸ್ವಲ್ಪ ಬಾತಿದೆ. "ಹೇಗಿತ್ತು?" ಎಂದೆ. "ಒಳ್ಳೇದಿತ್ತು" ಎಂದರು. "ತಲಾವ್ ಹೇಗಿತ್ತು?" ಎಂದರು. "ಒಳ್ಳೆಯದಿತ್ತು" ಎಂದೆ.

ಡಿಸೆಂಬರ್ 17, ಬುಧವಾರ

ಬೆಳಿಗ್ಗೆ ತಲಾವ್‌ನಿಂದ ಹೊರಟವಳು ಮನೆಗೆ ಹೋಗಬೇಕಿತ್ತು. ರಿಕ್ಷಾ ಸ್ಟ್ಯಾಂಡ್ ದಾಟಿ, ತರಕಾರಿಯವಳನ್ನು ದಾಟಿ ಹೋಗುತ್ತ ಹೋಗುತ್ತ ನೋಡಿದರೆ ಹೋಟೆಲಿನ ಎದುರು ನಿಂತಿದ್ದೇನೆ. ಹಿಂದಿನ ಓಣಿಯಲ್ಲಲ್ಲ, ಮುಂದಿನ ಬಾಗಿಲಿನಲ್ಲಿ. ಕಾಲು ಒಳಗಿಡಲು ಧೈರ್ಯ ಬರಲಿಲ್ಲ. ಕೈಯಲ್ಲಿ ಡಬ್ಬಿಯೂ ಇರಲಿಲ್ಲ, ನೆಪ ಹೇಳಲು.

ಒಳಗೆ ಆಫೀಸಿಗೆ ಹೋಗುವವರ ರಷ್. ಕಶ್ಯಪ ಗೋಡೆಗೆಲ್ಲ ಹೊಸ ಬಣ್ಣ ಬಳಿಸಿದ್ದಾನೆ, ಮೇಜಿನ ಮೇಲೆ ಮೊಬೈಲು ತೋರಿಸಿ ಓದುವ ಮೆನು ಅಂಟಿಸಿದ್ದಾನೆ. ಗಲ್ಲಾದ ಮೇಲೆ ಬಿಳಿ ಅಂಗಿಯಲ್ಲಿ ಇವರು. ನನ್ನನ್ನು ನೋಡಿದರು. ಎದ್ದು ನಿಂತರು. ಒಂದು ಕ್ಷಣ ಏನು ಮಾಡಬೇಕೆಂದು ಇವರಿಗೂ ತಿಳಿಯಲಿಲ್ಲ. ಆಮೇಲೆ ಗಲ್ಲಾ ಬಿಟ್ಟು ಇಳಿದು ಬಂದು, ಗಿರಾಕಿಗೆ ಕೇಳುವ ಹಾಗೆಯೇ ಕೇಳಿದರು: "ಒಬ್ರೇನಾ?"

"ಒಬ್ಬಳೇ" ಎಂದೆ.

ಕಂಬದ ಹತ್ತಿರದ ಮೇಜಿನಲ್ಲಿ ಒಬ್ಬ ಹುಡುಗಿ ಉಪ್ಪಿಟ್ಟು ತಿನ್ನುತ್ತಿದ್ದಳು. ಇವರು ಅವಳ ಎದುರಿನ ಕುರ್ಚಿಯನ್ನು ಟವೆಲಿನಿಂದ ಒರೆಸಿ ನನ್ನನ್ನು ಕೂರಿಸಿದರು. ಸಪ್ಲೈಯರನ್ನು ಕರೆಯಲಿಲ್ಲ. ತಾವೇ ಹೋಗಿ ನೀರು ತಂದು ನನ್ನ ಮುಂದಿಟ್ಟರು. ಕುಡಿದೆ.

"ಕಶ್ಯಪ ಎಲ್ಲ ಹೇಳಿದ" ಎಂದರು ಮೆಲ್ಲಗೆ, ಮೇಜು ಒರೆಸುತ್ತ. "ನೀನೇ ಫೋನ್ ಮಾಡಿದ್ದಂತೆ. ಮೊದ್ಲೇ ನನ್ನ ಹತ್ರ ಹೇಳ್ಬಹುದಿತ್ತಲ್ಲ ಮಾರಾಯ್ತಿ. ಹೊರಗೆ ಜನ ಕಾಯ್ತಾ ಇದ್ರೆ ಕೂತವ ಏಳ್ಬೇಕು, ಅದು ನಂಗೆ ಗೊತ್ತಿಲ್ವಾ? ನಿನ್ನ ಬೆಂಚು ನಿಂಗೆ ಖಾಲಿ ಮಾಡಿ ಕೊಟ್ಟೆ."

ಹಾಗಾದರೆ ಶನಿವಾರವೇ ಗೊತ್ತಿತ್ತು. ಗೊತ್ತಿದ್ದೂ ಅಂಗಿಗೆ ಇಸ್ತ್ರಿ ಹಾಕಿದರು. ಖುಷಿಯೆಂದು ನಾನು ಬರೆದದ್ದು ಸುಳ್ಳು. ನನಗೆ ನಾಚಿಕೆಯಾಯಿತು, ಇನ್ನು ಇವರು ತಲಾವ್ ಕಡೆ ಬರಲಿಕ್ಕೇ ಇಲ್ಲವೇನೋ ಎಂಬ ಹೆದರಿಕೆಯೂ ಆಯಿತು. ಎದುರಿನ ಹುಡುಗಿ ಉಪ್ಪಿಟ್ಟು ಬಿಟ್ಟು ನಮ್ಮಿಬ್ಬರನ್ನೇ ನೋಡುತ್ತಿದ್ದಳು.

ಇವರು ನೇರ ನಿಂತು, ಅಭ್ಯಾಸ ಬಲದಿಂದ, "ಮತ್ತೆಂತ ಬೇಕು?" ಎಂದರು.

ಮನೆಯಲ್ಲಿ ಎಷ್ಟು ಸಲ ಕೇಳಿದ್ದಾರೋ. ನಾನು ಒಮ್ಮೆಯೂ ಉತ್ತರ ಕೊಟ್ಟಿರಲಿಲ್ಲ, ರೇಗಿದ್ದೆ ಅಷ್ಟೆ.

"ನಾಳೆ ಬೆಳಿಗ್ಗೆ ಬೆಂಚಿನಲ್ಲಿ ಒಂದು ಜಾಗ ಖಾಲಿ ಉಂಟು" ಎಂದೆ. "ನೀವು ಬರಬೇಕು. ನೀವಿಲ್ಲದೆ ನನಗೆ ಕೂರಲಿಕ್ಕೆ ಆಗುವುದಿಲ್ಲ."

ಇವರು ಟವೆಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡರು. ಗಲ್ಲಾದ ಹತ್ತಿರ ನಾಲ್ಕು ಜನ ದುಡ್ಡು ಹಿಡಿದು ನಿಂತಿದ್ದರು, ಅತ್ತ ಹೋದರು. ಸ್ವಲ್ಪ ಹೊತ್ತಿಗೆ ನಾನು ಹೇಳದೆಯೇ ಬನ್ಸು ಬಂತು, ಜೊತೆಗೆ ಕಾಫಿ, ಸಕ್ಕರೆ ಕಡಿಮೆ. ನಾನು ಸಕ್ಕರೆ ಕಡಿಮೆ ಕುಡಿಯುವುದು ಇವರಿಗೆ ಯಾವಾಗ ಗೊತ್ತಾಯಿತೋ.

ಬನ್ಸು ಪರವಾಗಿಲ್ಲ. ಸ್ವಲ್ಪ ಎಣ್ಣೆ ಹೆಚ್ಚು. ಕಶ್ಯಪನಿಗೆ ಹೇಳಬೇಕು.

ಡಿಸೆಂಬರ್ 18, ಗುರುವಾರ

ಬಂದರು.

ಎಂಟೂವರೆಯವರೆಗೆ ಗಲ್ಲಾದಲ್ಲಿ ಕಶ್ಯಪನೇ ಕೂರಲಿ, ಆಮೇಲೆ ಸ್ವಲ್ಪ ಹೊತ್ತು ನಾನು ಎಂದು ಇವರು ಅವನಿಗೆ ಹೇಳಿಬಿಟ್ಟಿದ್ದಾರೆ. ಚೀಲದಲ್ಲಿ ಲೋಟಗಳು ಟಣಟಣ ಎನ್ನುತ್ತಿದ್ದವು. ವಾಚ್‌ಮನ್ ಗೇಟಿನಲ್ಲೇ ಕೈ ಚಾಚಿದ, ನೀರಿಗೆ. ಮುಂಡಪ್ಪನವರು ಎದ್ದು ನಿಂತು ಜಾಗ ಕೊಟ್ಟರು. ಇವರು ಕೂತರು, ಕೆರೆಯ ಕಡೆ ಮುಖ ಮಾಡಿ. "ರೆಗ್ಯುಲರ್ ಬಂದಿದ್ದಾನಾ?" ಎಂದು ಕೇಳಿದರು. ಬಂದಿತ್ತು.

ಇವರು ಕೊಕ್ಕರೆ ನೋಡುವುದರಲ್ಲೇ ಮುಳುಗಿದ್ದರಿಂದ ಬೇರೇನೂ ಗಮನಿಸಲಿಲ್ಲ. ಯಾರೋ ಹೊಸ ಸೊಸೆಯಿರಬೇಕು, ಅತ್ತೆಯ ಕೈ ಹಿಡಿದುಕೊಂಡು ನಿಧಾನ ಬರುತ್ತಿದ್ದಳು. ಅತ್ತೆಗೆ ಕಾಲು ನೋವು, ಮುಖದಲ್ಲೇ ಕಾಣುತ್ತಿತ್ತು. ಬೆಂಚುಗಳೆಲ್ಲ ಭರ್ತಿ. ನಾನು ಸೆರಗಿನಿಂದ ಕಲ್ಲಿನ ತುದಿಯನ್ನು ಒಮ್ಮೆ ಒರೆಸಿ, "ಜ್ಯೋತ್ಸ್ನಾ, ಸ್ವಲ್ಪ ಸರಿದು ಕೂತುಕೋ ಮಾರಾಯ್ತಿ, ಇವರಿಗೊಂದು ಜಾಗ ಆಗಲಿ" ಎಂದೆ. ಅವರು ಕೂತರು. ನೀರು ಕೊಟ್ಟೆ.

ಜ್ಯೋತ್ಸ್ನಾ ನನ್ನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಜಯಲತಾ ಟೀಚರೂ ನಕ್ಕರು. ಅದರಲ್ಲಿ ನಗುವಂಥದ್ದು ಏನಿತ್ತೋ ನನಗೆ ಗೊತ್ತಾಗಲಿಲ್ಲ.